ಯುದ್ಧದ ಗಾಯ, ಮನೆಯ ಮೌನ

ಮುಂಡರಗಿ ಭೀಮರಾಯರ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. 1858ರಲ್ಲಿ ಹಮ್ಮಿಗಿಯ ಕೆಂಚನಗೌಡರೊಡನೆ ಕೊಪ್ಪಳದ ಕೋಟೆ ಸೇರಿ, ಬ್ರಿಟಿಷ್ ಸೈನ್ಯವನ್ನು ಎದುರಿಸಿ ಅವರು ಮಡಿದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ವರ್ಷ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ತಾಯಿಯೂ ಪತ್ನಿಯೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ನೀಗಿದರು. ಇಷ್ಟನ್ನು ಇತಿಹಾಸ ದಾಖಲಿಸಿದೆ. ಆದರೆ ಕೊಪ್ಪಳದಲ್ಲಿ ಸೆರೆಸಿಕ್ಕು ಮರಣದಂಡನೆಗೆ ಗುರಿಯಾದ ಸಾಮಾನ್ಯ ಜನರ ಮನೆಗಳಲ್ಲಿ ಮುಂದೆ ಏನಾಯಿತು? ಅವರ ಹೆಂಡಂದಿರು ಯಾವ ಬೇನೆಯಿಂದ ನರಳಿದರು, ಮಕ್ಕಳು ಯಾವ ಅಂಜಿಕೆಯಲ್ಲಿ ಬೆಳೆದರು, ಮೊಮ್ಮಕ್ಕಳಿಗೆ ಏನನ್ನು ಹೇಳಿದರು, ಏನನ್ನು ಹೇಳದೆ ಉಳಿಸಿದರು? ವೀರರಿಗೆ ಲಾವಣಿಗಳಿವೆ, ಸ್ಮಾರಕಗಳಿವೆ. ಬದುಕಿ ಉಳಿದವರ ಕಥೆಗೆ ನಮ್ಮಲ್ಲಿ ಪ್ರಕಾರವೇ ಇಲ್ಲ.

ಇಂದಿನ ಯುದ್ಧಗಳ ವರ್ತಮಾನವನ್ನೂ ನಾವು ಹೀಗೆಯೇ ಓದುತ್ತೇವೆ. ಸತ್ತವರೆಷ್ಟು, ಯಾವ ಊರು ಯಾರ ವಶವಾಯಿತು, ಸಂಧಾನ ಎಲ್ಲಿ ನಡೆಯಿತು ಎಂದು ತಿಳಿದರೆ ಸುದ್ದಿ ಮುಗಿಯಿತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದಾಗ ಇಡೀ ನಾಡು ಮರುಗಿತು. ನೆಲಮಾಳಿಗೆಗಳಲ್ಲಿ ದಿನಗಟ್ಟಲೆ ಅಡಗಿದ್ದು ಜೀವಂತವಾಗಿ ಮರಳಿದ ವಿದ್ಯಾರ್ಥಿಗಳ ವಿಷಯದಲ್ಲಿ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಅವರ ಶಿಕ್ಷಣ ಎಲ್ಲಿ ಮುಂದುವರಿಯಬೇಕೆಂಬುದನ್ನು ಕುರಿತದ್ದು. ಅವರ ನಿದ್ದೆಯನ್ನು ಕುರಿತು ಕೇಳಿದವರು ಕಡಿಮೆ. ಗಾಜಾ, ಸುಡಾನ್‌ಗಳ ಸ್ಥಿತಿಯಂತೂ ಹೇಳತೀರದು. ಯುದ್ಧ ನಡೆದ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಖಿನ್ನತೆ, ಆತಂಕ ಮೊದಲಾದ ಯಾವುದಾದರೊಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಈ ಲೆಕ್ಕವನ್ನು ಓದಿ ದೂರದೇಶದ ಮಾತೆಂದು ಪತ್ರಿಕೆಯನ್ನು ಮಡಿಸಿಡುವುದು ಸುಲಭ. ಆದರೆ ಇಂಥ ಗಾಯಗಳನ್ನು ಹೊತ್ತ ಮನೆಗಳು ನಮ್ಮಿಂದ ಬಹು ದೂರದಲ್ಲೇನೂ ಇಲ್ಲ.

ಲಕ್ಷ್ಮೇಶ್ವರದಿಂದ ಶಿಗ್ಗಾವಿ, ಬಂಕಾಪುರಗಳನ್ನು ದಾಟಿ ಪಶ್ಚಿಮಕ್ಕೆ ಹೋದರೆ ಕೆಲವೇ ತಾಸಿನಲ್ಲಿ ಮುಂಡಗೋಡ ಸಿಗುತ್ತದೆ. ಅಲ್ಲಿಯ ಟಿಬೆಟನ್ ಕಾಲನಿಯನ್ನು ನಮ್ಮವರು ಪ್ರವಾಸಕ್ಕೆಂದು ನೋಡಿ ಬರುತ್ತಾರೆ. ಹೊಂಬಣ್ಣದ ಬುದ್ಧ, ಕೆಂಪು ನಿಲುವಂಗಿಯ ಭಿಕ್ಷುಗಳು, ಬಿಸಿ ಮೊಮೊ. ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತದೆ. ಚಳಿಗಾಲದಲ್ಲಿ ಪೇಟೆಗಳಲ್ಲಿ ಸ್ವೆಟರ್ ಮಾರಲು ಕೂರುವ ಟಿಬೆಟನ್ ಹೆಂಗಸರೊಡನೆ ನಾವು ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತೇವೆ. ಅವರು ಇಲ್ಲಿಗೆ ಹೇಗೆ ಬಂದರೆಂಬುದನ್ನು ಕೇಳುವ ಪ್ರಸಂಗ ಬರುವುದಿಲ್ಲ.

1950ರಲ್ಲಿ ಚೀನೀ ಸೈನ್ಯ ಟಿಬೆಟನ್ನು ಹೊಕ್ಕಿತು. 1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಲ್ಲಿ ಎದ್ದ ಬಂಡಾಯವನ್ನು ಅದು ನಿರ್ದಯವಾಗಿ ಅಡಗಿಸಿತು. ದಲಾಯಿ ಲಾಮಾ ಅವರ ಹಿಂದೆ ಸುಮಾರು 80,000 ಜನ ಹಿಮಾಲಯವನ್ನು ದಾಟಿ ಬಂದರು. ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಬಂದವರನ್ನು ಮೊದಲು ಅಸ್ಸಾಮಿನ ಮಿಸ್ಸಾಮಾರಿಯ ಶಿಬಿರದಲ್ಲಿ ಇರಿಸಲಾಯಿತು. ಹಿಮದ ನಾಡಿನವರಿಗೆ ಆ ಬಯಲುಸೀಮೆಯ ಸೆಖೆಯೇ ಒಂದು ಶಿಕ್ಷೆಯಾಯಿತು. ಸಾವಿರಾರು ಜನರು ಪರ್ವತಪ್ರದೇಶದ ರಸ್ತೆ ಕೆಲಸಕ್ಕೆ ಹೋಗಿ ಕಲ್ಲೊಡೆದರು. ಭಿಕ್ಷುಗಳ ಪೈಕಿ ಸುಮಾರು 1,500 ಜನ ಬಂಗಾಳದ ಬಕ್ಸಾ ಎಂಬಲ್ಲಿ ನೆಲೆ ನಿಂತರು. ಬಕ್ಸಾ ಎಂದರೆ ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆ. ಅಲ್ಲಿ ಕ್ಷಯರೋಗ ಅವರ ನಡುವೆ ಹಬ್ಬಿ ಅನೇಕರನ್ನು ನುಂಗಿತು. ಗುಂಡು ತಪ್ಪಿಸಿಕೊಂಡು ಬಂದವನನ್ನು ಶಿಬಿರದ ಗಾಳಿ ಕೊಂದಿತು ಎನ್ನಬಹುದು. ಯುದ್ಧ ಕೊಂದವರ ಪಟ್ಟಿಯಲ್ಲಿ ಇಂಥವರ ಹೆಸರು ಬರುವುದಿಲ್ಲ.

ಅಂದಿನ ಮೈಸೂರು ರಾಜ್ಯ ಈ ಜನರಿಗೆ ನೆಲ ಕೊಟ್ಟಿತೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬಹುದಾದ ಸಂಗತಿ. 1960ರ ಹೊತ್ತಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕಾಡುಭೂಮಿ ದೊರೆಯಿತು. ಮುಂದೆ ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ವಸತಿಗಳಾದವು. ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಇಲ್ಲಿಗೆ ಬಂದು ದ್ರೆಪುಂಗ್, ಗಾಂದೆನ್ ಮಠಗಳನ್ನು ಮುಂಡಗೋಡದಲ್ಲಿಯೂ ಸೆರಾ ಮಠವನ್ನು ಬೈಲಕುಪ್ಪೆಯಲ್ಲಿಯೂ ಮತ್ತೆ ಕಟ್ಟಿದರು. ನೆಲ, ಬೀಜ, ಶಾಲೆ, ದವಾಖಾನೆ ಎಲ್ಲ ಕ್ರಮೇಣ ಆದವು. ಹೊಟ್ಟೆಯ ಪ್ರಶ್ನೆಗೆ ಪರಿಹಾರ ದೊರೆತರೆ ಮನುಷ್ಯನ ಪ್ರಶ್ನೆಯೆಲ್ಲ ಪರಿಹಾರವಾದಂತೆ ಎಂದು ಪುನರ್ವಸತಿ ಇಲಾಖೆಗಳು ನಂಬುವುದು ರೂಢಿ. ಅಲ್ಲಿಂದ ಮುಂದಿನದು ಯಾರ ಇಲಾಖೆಯದೂ ಅಲ್ಲ.

1959ರ ತಲೆಮಾರಿನ ಬಳಿಕ ಇನ್ನೊಂದು ಗುಂಪು ಬಂದಿತು. 1987ರಿಂದ 1989ರವರೆಗೆ ಲ್ಹಾಸಾದಲ್ಲಿ ನಡೆದ ಪ್ರತಿಭಟನೆಗಳ ನಂತರ ಸೆರೆಮನೆ ಕಂಡ ಭಿಕ್ಷುಗಳು, ಭಿಕ್ಷುಣಿಯರು, ಎಳೆಯ ವಿದ್ಯಾರ್ಥಿಗಳು ನೇಪಾಳದ ಮಾರ್ಗವಾಗಿ ಭಾರತಕ್ಕೆ ಪಾರಾಗಿ ಬಂದರು. ಇವರ ಮೈಮೇಲೆ ನಡೆದ ಕ್ರೌರ್ಯ ಬೇರೆ ಬಗೆಯದು. ಕೈಗಳನ್ನು ಬೆನ್ನಹಿಂದೆ ತಿರುಚಿ ಕಟ್ಟಿ ತೂಗುಹಾಕುವುದು, ವಿದ್ಯುತ್ ಕೋಲಿನಿಂದ ಸುಡುವುದು, ನಿದ್ದೆಗೆಡಿಸುವುದು, ತಲೆಗೂ ಕಿವಿಗೂ ಹೊಡೆಯುವುದು. ಇಂಥ ಹಿಂಸೆಯ ಪರಿಣಾಮವನ್ನು ಜಗತ್ತಿನ ಅನೇಕ ಕಡೆಗಳಲ್ಲಿ ವೈದ್ಯರು ಅಭ್ಯಸಿಸಿದ್ದಾರೆ. ತೂಗುಹಾಕಲ್ಪಟ್ಟವರ ಭುಜದ ನರಗಳು ಘಾಸಿಗೊಂಡು ಕೈಯ ಕಸುವು ಕುಗ್ಗುತ್ತದೆ. ಅಂಗಾಲಿಗೆ ಹೊಡೆತ ತಿಂದವರಿಗೆ ನಡೆಯುವುದೇ ವರ್ಷಾನುಗಟ್ಟಲೆ ಯಾತನೆಯಾಗಬಹುದು. ಕಿವಿ ಮಂದವಾಗುತ್ತದೆ, ಬೆನ್ನುನೋವು, ತಲೆಶೂಲೆ ಬಿಡುವುದಿಲ್ಲ. ದೇಹ ಸದಾ ಕಾವಲು ನಿಂತ ಸಿಪಾಯಿಯಂತಾಗುತ್ತದೆ: ಬಾಗಿಲು ಬಡಿದರೆ ಬೆಚ್ಚುವುದು, ಸಮವಸ್ತ್ರ ಕಂಡರೆ ಬೆವರುವುದು, ರಾತ್ರಿ ಎರಡಕ್ಕೇ ಎಚ್ಚರವಾಗುವುದು. ಹೀಗೆ ವರ್ಷಗಟ್ಟಲೆ ಎಚ್ಚರದಲ್ಲಿದ್ದ ದೇಹದಲ್ಲಿ ರಕ್ತದೊತ್ತಡ, ಹೃದ್ರೋಗಗಳ ಸಂಭವವೂ ಹೆಚ್ಚು. 1980ರಲ್ಲಿ, ವಿಯೆಟ್ನಾಮಿನಿಂದ ಮರಳಿದ ಸೈನಿಕರ ಒತ್ತಾಯದ ನಂತರವಷ್ಟೇ, ಅಮೆರಿಕದ ಮನೋವೈದ್ಯರು ಇದಕ್ಕೆ ಆಘಾತೋತ್ತರ ವ್ಯಾಧಿ ಎಂಬರ್ಥದ ಹೆಸರನ್ನು ಕೊಟ್ಟು ರೋಗಗಳ ಪಟ್ಟಿಗೆ ಸೇರಿಸಿದರು. ಅದಕ್ಕೆ ಮೊದಲು ಅಂಥವನನ್ನು ಪುಕ್ಕಲನೆಂದು ಕರೆಯುವವರೇ ಹೆಚ್ಚು.

ಆದರೆ ಟಿಬೆಟನ್ ರೋಗಿ ಈ ಹೆಸರನ್ನು ಹೇಳಿಕೊಂಡು ಬರುವುದಿಲ್ಲ. ಅವರ ವೈದ್ಯಶಾಸ್ತ್ರದಲ್ಲಿ ‘ಸೋಕ್‌ಲುಂಗ್’ ಎಂಬುದೊಂದು ಬೇನೆಯಿದೆ. ‘ಲುಂಗ್’ ಎಂದರೆ ವಾಯು, ‘ಸೋಕ್’ ಎಂದರೆ ಜೀವ; ನಮ್ಮ ಮಾತಿನಲ್ಲಿ ಪ್ರಾಣವಾಯು ಎನ್ನಬಹುದು. ಹೃದಯದಲ್ಲಿ ನೆಲೆಸಿದ ಆ ವಾಯು ಭಯದಿಂದಲೋ ದುಃಖದಿಂದಲೋ ಕದಡಿದಾಗ ಎದೆ ಹಾರುತ್ತದೆ, ನಿದ್ದೆ ಬಾರದು, ಕೋಪ ತಡೆಯದು, ಕಣ್ಣೀರು ನಿಲ್ಲದು. ಆಯುರ್ವೇದದ ವಾತವನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಅಪರಿಚಿತವಲ್ಲ. ಶಿರಹಟ್ಟಿಯ ಸಂತೆಗೆ ಬರುವ ತಾಯಿಯೊಬ್ಬಳು ‘ಎದಿ ಹಾರ್ತದ್ರೀ, ಕೈಕಾಲು ಝುಮ್ ಅಂತಾವ, ಉಣ್ಣಾಕ ಮನಸಾಗವಲ್ದು’ ಎಂದಾಗ ಆಕೆ ಹೇಳುತ್ತಿರುವುದು ಹೃದಯದ ವಿಷಯವೇ, ಮನಸ್ಸಿನ ವಿಷಯವೇ? ದೇಹ ಬೇರೆ, ಮನಸ್ಸು ಬೇರೆ ಎಂಬ ಫ್ರೆಂಚ್ ದಾರ್ಶನಿಕ ದೇಕಾರ್ತನ ವಿಭಜನೆಯನ್ನು ನಾವು ಸೆಮಿನರಿಯಲ್ಲಿ ವರ್ಷವಿಡೀ ಓದಿದೆವು. ಸಂತೆಯ ಆ ತಾಯಿ ಅದನ್ನು ಒಪ್ಪುವುದಿಲ್ಲ, ಟಿಬೆಟನ್ ವೈದ್ಯನೂ ಒಪ್ಪುವುದಿಲ್ಲ. ಈ ವಿಷಯದಲ್ಲಿ ಸತ್ಯ ಅವರ ಕಡೆಗೇ ಇದೆಯೆಂದು ನನ್ನ ಅಭಿಪ್ರಾಯ. ಎದೆನೋವೆಂದು ಬಂದವರಿಗೆ ಇ.ಸಿ.ಜಿ. ತೆಗೆದು, ಏನೂ ಇಲ್ಲ ಹೋಗಿ ಎಂದು ಕಳಿಸುವ ವೈದ್ಯರು ಒಂದು ಪ್ರಶ್ನೆಯನ್ನು ಕೇಳಿದ್ದರೆ ಬೇರೊಂದು ಕಥೆ ತೆರೆದುಕೊಳ್ಳುತ್ತಿತ್ತು.

ಅಮೆರಿಕದ ವೈದ್ಯರೊಬ್ಬರು ಭಾರತದಲ್ಲಿಯ ಟಿಬೆಟನ್ ನಿರಾಶ್ರಿತರ ಬಗ್ಗೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಚಿಂತನೆಗೆ ಹಚ್ಚುವಂಥದು. ಹಿಂಸೆ ಅನುಭವಿಸಿದ 35 ಜನ ಭಿಕ್ಷುಣಿಯರು ಮತ್ತು ವಿದ್ಯಾರ್ಥಿಗಳನ್ನು, ಅವರಂತೆಯೇ ದೇಶ ಬಿಟ್ಟು ಬಂದಿದ್ದರೂ ಸೆರೆಮನೆ ಕಾಣದ 35 ಜನರೊಡನೆ ಅವರು ಹೋಲಿಸಿದರು. ಹಿಂಸೆಗೊಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ತೀವ್ರ ಆತಂಕವಿತ್ತು. ಮತ್ತೊಂದು ಗುಂಪಿನಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು. ಇದು ನಿರೀಕ್ಷಿತವೇ. ಖಿನ್ನತೆಯಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ. ತಾವು ಏತಕ್ಕಾಗಿ ಸೆರೆಮನೆಗೆ ಹೋದೆವೆಂಬುದು ಅವರಿಗೆ ತಿಳಿದಿತ್ತು, ಹಿಂಸೆ ಕಾದಿದೆಯೆಂಬ ಅರಿವೂ ಇತ್ತು, ಹೊರಬಂದ ಮೇಲೆ ತಮ್ಮವರ ಆಸರೆಯೂ ದೊರೆಯಿತು. ಇವೇ ಅವರನ್ನು ಕಾಪಾಡಿರಬೇಕೆಂದು ಅಧ್ಯಯನ ತರ್ಕಿಸಿತು. ಮುಂದೆ ಸಾರಾ ಲೂಯಿಸ್ ಎಂಬ ಮಾನವಶಾಸ್ತ್ರಜ್ಞೆಯೂ ಟಿಬೆಟನ್ನರ ನಡುವೆ ಇದ್ದು ಬರೆದ ಪುಸ್ತಕದಲ್ಲಿ, ಕಳೆದದ್ದನ್ನು ಮತ್ತೆ ಮತ್ತೆ ಕೆದಕುವುದಕ್ಕಿಂತ ಮನಸ್ಸನ್ನು ವಿಶಾಲಗೊಳಿಸಿಕೊಳ್ಳುವುದೇ ಮದ್ದೆಂದು ಅವರು ತಿಳಿಯುವುದನ್ನು ವಿವರಿಸಿದ್ದಾರೆ.

ಇಲ್ಲಿ ನಮ್ಮಂಥ ಧರ್ಮಬೋಧಕರು ಎಚ್ಚರದಿಂದಿರಬೇಕು. ಆಶ್ವಿಟ್ಸ್ ಕಂಡು ಬದುಕಿದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರನ್ನು ನಾವು ಪ್ರವಚನಗಳಲ್ಲಿ ಧಾರಾಳವಾಗಿ ಬಳಸುತ್ತೇವೆ: ಬದುಕಿಗೆ ಅರ್ಥ ಕಂಡವನು ಏನನ್ನಾದರೂ ಸಹಿಸಬಲ್ಲನೆಂದು. ಅದೇ ಕಾಲದಲ್ಲಿ ಬೆಲ್ಜಿಯಮಿನ ಕೋಟೆಯೊಂದರಲ್ಲಿ ನಾಜಿಗಳ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿದ ಜಾನ್ ಅಮೇರಿ ಎಂಬ ಲೇಖಕರನ್ನು ನಾವು ಉಲ್ಲೇಖಿಸುವುದಿಲ್ಲ. ಹಿಂಸೆಗೊಳಗಾದವನಿಗೆ ಈ ಜಗತ್ತು ಮತ್ತೆ ತನ್ನ ಮನೆಯಾಗುವುದಿಲ್ಲ, ಮನುಷ್ಯರ ಮೇಲಿನ ವಿಶ್ವಾಸ ಮೊದಲ ಹೊಡೆತಕ್ಕೇ ಒಡೆದು ಹೋಗುತ್ತದೆ ಎಂಬುದು ಅವರ ಅನುಭವ. ಅವರು 1978ರಲ್ಲಿ ತಾವಾಗಿಯೇ ಜೀವ ನೀಗಿದರು. ಇಬ್ಬರೂ ಸುಳ್ಳಾಡಲಿಲ್ಲ. ಅರ್ಥವನ್ನು ನೊಂದವನು ತಾನೇ ಕಂಡುಕೊಂಡರೆ ಅದು ಔಷಧಿ. ನಾವು ಹೊರಗಿನಿಂದ ಹೇರಿದರೆ ಅದು ಎರಡನೆಯ ಹೊಡೆತ. ದುಃಖ ದೇವರ ಚಿತ್ತವೆಂದು ಅವಸರದಲ್ಲಿ ಹೇಳುವ ಬಾಯಿಗೆ, ಯೋಬನ ಬಳಿ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತ ಗೆಳೆಯರು ನೆನಪಾಗಬೇಕು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಇನ್ನು ಮಕ್ಕಳ ವಿಷಯ. ತಂದೆತಾಯಿ ಕಂಡ ಘೋರ ಮಕ್ಕಳಿಗೆ ರಕ್ತದಲ್ಲಿ ಬರುತ್ತದೆಯೇ ಎಂಬ ಪ್ರಶ್ನೆ ಈಚೆಗೆ ಬಹಳ ಕೇಳಿಬರುತ್ತಿದೆ. 1966ರಲ್ಲಿ ಕೆನಡಾದ ಮನೋವೈದ್ಯ ವಿವಿಯನ್ ರಾಕಾಫ್, ನಾಜಿ ಶಿಬಿರಗಳಿಂದ ಪಾರಾದವರ ಮಕ್ಕಳು ತಮ್ಮ ಚಿಕಿತ್ಸಾಲಯಕ್ಕೆ ಹೆಚ್ಚಾಗಿ ಬರುತ್ತಿರುವುದನ್ನು ಗಮನಿಸಿ ಬರೆದರು. ಅಲ್ಲಿಂದ ಆರಂಭವಾದ ವಿಚಾರ 2015ರ ಹೊತ್ತಿಗೆ ವಂಶವಾಹಿಗಳ ಮೇಲಿನ ರಾಸಾಯನಿಕ ಗುರುತುಗಳವರೆಗೆ ಬಂದು ತಲುಪಿತು. ನ್ಯೂಯಾರ್ಕಿನ ರೇಚಲ್ ಯೆಹೂದಾ ಅವರ ಸಂಶೋಧನೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಅದರಲ್ಲಿ ಪರೀಕ್ಷೆಗೊಳಗಾದವರು 32 ಜನ ಪಾರಾದವರು ಮತ್ತು 22 ಜನ ಮಕ್ಕಳು ಮಾತ್ರ. ಅಷ್ಟರ ಮೇಲೆ ದೊಡ್ಡ ಸಿದ್ಧಾಂತವನ್ನು ನಿಲ್ಲಿಸಲಾಗದೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ. ಹೆಚ್ಚು ಗಟ್ಟಿಯಾದ ಪುರಾವೆ ಇರುವುದು ಹಸಿವಿನ ವಿಷಯದಲ್ಲಿ. 1944-45ರ ಚಳಿಗಾಲದಲ್ಲಿ ಜರ್ಮನರು ಆಹಾರ ತಡೆದಾಗ ಹಾಲೆಂಡಿನಲ್ಲಿ ಗರ್ಭಿಣಿಯರಾಗಿದ್ದವರ ಮಕ್ಕಳು ಐವತ್ತು ದಾಟಿದ ಮೇಲೆ ಮಧುಮೇಹದ ಲಕ್ಷಣಗಳಿಗೂ ಹೃದ್ರೋಗಕ್ಕೂ ಇತರರಿಗಿಂತ ಹೆಚ್ಚಾಗಿ ತುತ್ತಾದರು. ಇಂದು ಮುತ್ತಿಗೆ ಹಾಕಿ ಹಿಟ್ಟಿನ ಲಾರಿಗಳನ್ನು ತಡೆಯುವವರು ಇನ್ನೂ ಹುಟ್ಟದ ಮಗುವಿನ ಐವತ್ತನೆಯ ವರ್ಷವನ್ನೂ ಕೆಡಿಸುತ್ತಿದ್ದಾರೆ.

ಇದಕ್ಕೆ ಎದುರಾಗಿ ಹಿರೋಷಿಮಾವನ್ನು ನೋಡಬೇಕು. ಬಾಂಬು ಕಂಡು ಬದುಕಿದವರಲ್ಲಿ ಮೊದಲ ವರ್ಷಗಳಲ್ಲಿ ರಕ್ತದ ಕ್ಯಾನ್ಸರ್, ಅನಂತರ ಜೀವಮಾನವಿಡೀ ಇತರ ಕ್ಯಾನ್ಸರುಗಳು ಹೆಚ್ಚಾಗಿ ಕಂಡವು. ಆದರೆ ಬಾಂಬಿನ ನಂತರ ಗರ್ಭ ತಾಳಿ ಹುಟ್ಟಿದ 70,000ಕ್ಕೂ ಹೆಚ್ಚು ಮಕ್ಕಳನ್ನು ದಶಕಗಳ ಕಾಲ ಗಮನಿಸಿದರೂ ಆನುವಂಶಿಕ ಹಾನಿ ಸ್ಪಷ್ಟವಾಗಿ ಕಂಡುಬಂದಿಲ್ಲ. ಹಾಗಿದ್ದರೂ ಆ ಮಕ್ಕಳಿಗೆ ಹೆಣ್ಣು ಕೊಡಲು, ಹೆಣ್ಣು ತರಲು ಜನ ಹಿಂಜರಿದರು. ತಂದೆತಾಯಂದಿರು ತಾವು ಆ ದಿನ ಎಲ್ಲಿದ್ದೆವೆಂಬುದನ್ನೇ ಮುಚ್ಚಿಟ್ಟರು. ನಮ್ಮ ಕಡೆ ಮನೆತನದಲ್ಲಿ ಹುಚ್ಚಿದೆಯೇ, ಕುಷ್ಠವಿದೆಯೇ ಎಂದು ಗುಟ್ಟಾಗಿ ವಿಚಾರಿಸುವವರಿಗೆ ಇದು ಚೆನ್ನಾಗಿ ಅರ್ಥವಾದೀತು. ಬಾಂಬು ಮಾಡದ ಹಾನಿಯನ್ನು ನೆರೆಹೊರೆ ಮಾಡಿತು. ಆ ಪಾರಾದವರ ಸಂಘಟನೆಯಾದ ನಿಹೋನ್ ಹಿದಾನ್ಕ್ಯೋಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು; ಅಷ್ಟರಲ್ಲಿ ಬಾಂಬು ಬಿದ್ದು 79 ವರ್ಷ ಕಳೆದಿತ್ತು. ಪ್ರಸಂಗವಶಾತ್ ಒಂದು ಮಾತು: ಬಾಂಬು ಬಿದ್ದ ದಿನ ಹಿರೋಷಿಮಾದ ಅಂಚಿನಲ್ಲಿದ್ದ ಯೇಸುಸಭೆಯ ಗುರುಮಠದಲ್ಲಿ ಗಾಯಾಳುಗಳ ಶುಶ್ರೂಷೆಗೆ ನಿಂತವರು ಫಾದರ್ ಪೇದ್ರೋ ಅರುಪೆ, ಗುರುವಾಗುವ ಮೊದಲು ವೈದ್ಯಶಾಸ್ತ್ರ ಓದಿದ್ದವರು. ಅವರೇ 1980ರಲ್ಲಿ ಯೇಸುಸಭೆಯ ನಿರಾಶ್ರಿತರ ಸೇವೆಯನ್ನು ಆರಂಭಿಸಿದರು.

ರಕ್ತದ ಮೂಲಕ ಎಷ್ಟು ಬರುತ್ತದೆಂಬುದು ಇನ್ನೂ ತೀರ್ಮಾನವಾಗದ ವಿಷಯ. ಮನೆಯ ಮೂಲಕ ಬರುತ್ತದೆಂಬುದಕ್ಕೆ ಪ್ರಯೋಗಶಾಲೆ ಬೇಡ. ರಾತ್ರಿ ಕಿರುಚಿ ಏಳುವ ತಂದೆಯ ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ. ಯಾವ ಪ್ರಶ್ನೆ ಕೇಳಿದರೆ ತಾಯಿ ಅಳುತ್ತಾಳೆಂಬುದನ್ನು ಅದು ಐದನೆಯ ವರ್ಷಕ್ಕೇ ಕಲಿಯುತ್ತದೆ. ಇದರರ್ಥ ಪಾರಾದವರ ಮಕ್ಕಳೆಲ್ಲ ರೋಗಿಗಳೆಂದಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ನೋಡಿದಾಗ, ಚಿಕಿತ್ಸೆಗೆ ಬಾರದೆ ಸಮಾಜದಲ್ಲಿ ಸಹಜವಾಗಿ ಬಾಳುತ್ತಿರುವ ಅಂಥ ಮಕ್ಕಳಲ್ಲಿ ವಿಶೇಷ ರೋಗಲಕ್ಷಣ ಕಾಣಲಿಲ್ಲ. ಈ ಫಲಿತಾಂಶವನ್ನು ಮರೆಯಬಾರದು. ಇಲ್ಲವಾದರೆ ಕನಿಕರದ ಹೆಸರಿನಲ್ಲಿ ನಾವೂ ಹಿರೋಷಿಮಾದ ನೆರೆಹೊರೆಯಂತೆ ಮಕ್ಕಳ ಹಣೆಗೆ ಮುದ್ರೆ ಒತ್ತಿದಂತಾಗುತ್ತದೆ.

ಮುಂಡಗೋಡದ ಇಂದಿನ ಸ್ಥಿತಿಯಲ್ಲಿ ಈ ಮೌನಕ್ಕೆ ಮತ್ತೊಂದು ಮುಖವಿದೆ. ಯುವಕರು ಯುರೋಪ್, ಅಮೆರಿಕ, ಕೆನಡಾಗಳಿಗೆ ಹೊರಟುಹೋಗುತ್ತಿದ್ದಾರೆ; 2008ರ ನಂತರ ಟಿಬೆಟಿನಿಂದ ಹೊಸದಾಗಿ ಬರುವವರೂ ಅತಿ ವಿರಳ. ಕಾಲನಿಗಳಲ್ಲಿ ಉಳಿಯುವವರು ಹೆಚ್ಚಾಗಿ ಮುದುಕರು ಮತ್ತು ಭಿಕ್ಷುಗಳು. ಯೌವನದಲ್ಲಿ ಹೊಲದ ದುಡಿಮೆ, ಮಕ್ಕಳ ಪಾಲನೆಗಳ ಗದ್ದಲದಲ್ಲಿ ಅದುಮಿಟ್ಟ ನೆನಪುಗಳು ಮುಪ್ಪಿನಲ್ಲಿ, ಮನೆ ಬರಿದಾದಾಗ ಮೇಲೆದ್ದು ಬರುವುದು ಪಾರಾದವರಲ್ಲಿ ಎಲ್ಲೆಡೆ ಕಂಡ ಸಂಗತಿ. ಅವರ ಆರೋಗ್ಯ ವಿಭಾಗ ಚಿತ್ರಹಿಂಸೆಗೊಳಗಾದವರಿಗಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ನಡೆಸಿದೆ, ಕಾಲನಿಯಲ್ಲಿ ಅವರದೇ ವೈದ್ಯಪದ್ಧತಿಯ ಚಿಕಿತ್ಸಾಲಯವೂ ಇದೆ. ಆದರೆ ದೊಡ್ಡ ಬೇನೆ ಬಂದಾಗ ಅವರು ಹುಬ್ಬಳ್ಳಿಯ ದವಾಖಾನೆಗಳಿಗೇ ಬರಬೇಕು. ಅಲ್ಲಿ ಕನ್ನಡ, ಹಿಂದಿ ಸರಿಯಾಗಿ ಬಾರದ ಅಜ್ಜಿಯ ಪರವಾಗಿ ಮಾತಾಡುವವನು ಶಾಲೆ ಕಲಿತ ಮೊಮ್ಮಗ. ಅರವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಆಕೆ ಮೊಮ್ಮಗನ ಬಾಯಿಯಿಂದ ವೈದ್ಯರಿಗೆ ಹೇಳಿಸಿಯಾಳೇ? ಅದರಲ್ಲೂ ಹೆಣ್ಣಿನ ಮೇಲೆ ನಡೆದ ಅತ್ಯಾಚಾರದ ಸಂಗತಿಯಾದರೆ? ‘ಅಜ್ಜಿಗೆ ಮೊಣಕಾಲು ನೋವು’ ಎಂದಷ್ಟೇ ಆತ ಹೇಳುತ್ತಾನೆ. ಮೊಣಕಾಲಿಗೆ ಗುಳಿಗೆ ಸಿಗುತ್ತದೆ.

ಸರಕಾರದ ಮಟ್ಟದಲ್ಲಿ ಆಗಬೇಕಾದದ್ದೂ ಇದೆ. ಭಾರತ 1951ರ ನಿರಾಶ್ರಿತರ ಒಪ್ಪಂದವನ್ನು ಸೇರಿಲ್ಲ. ಚಿತ್ರಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಆದರೆ ಅದನ್ನು ಸ್ಥಿರೀಕರಿಸಿಲ್ಲ. ಹಿಂಸೆಗೊಳಗಾದವರ ಪುನಶ್ಚೇತನ ಸರಕಾರದ ಕರ್ತವ್ಯವೆಂದು ಹೇಳುವ ವಿಧಿ ಆ ಒಪ್ಪಂದದಲ್ಲಿದೆ. ಸ್ಥಿರೀಕರಿಸಿ ಕಾನೂನು ಮಾಡಬೇಕೆಂದು ಕಾನೂನು ಆಯೋಗವೇ 2017ರಲ್ಲಿ ಶಿಫಾರಸು ಮಾಡಿತ್ತು. ಕೇಂದ್ರ ಸರಕಾರದ 2014ರ ಟಿಬೆಟನ್ ಪುನರ್ವಸತಿ ನೀತಿ ಕಲ್ಯಾಣ ಯೋಜನೆಗಳನ್ನು ಅವರಿಗೂ ವಿಸ್ತರಿಸಲು ದಾರಿ ತೆರೆದಿದೆಯೆಂಬುದು ಸಮಾಧಾನದ ಸಂಗತಿ. ಮಾನಸಿಕ ಆರೋಗ್ಯವನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಕಾರ್ಯಕ್ರಮ ಇಡೀ ದೇಶಕ್ಕೆ ಮಾದರಿಯಾಗಿ ರೂಪುಗೊಂಡದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 1980ರ ದಶಕದ ನಡುವೆ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ಎಂಬುದು ಇಲ್ಲಿಯ ಬಹು ಜನರಿಗೆ ತಿಳಿಯದು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸೇವೆಯೂ ಉಚಿತವಾಗಿ ದೊರೆಯುತ್ತದೆ. ಏರ್ಪಾಡುಗಳು ಇವೆ. ಅವು ಈ ಜನರನ್ನು ಉದ್ದೇಶಿಸಿ ಆದವಲ್ಲ, ಅಷ್ಟೆ.

ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳಿವೆ. ಅವರ ಭತ್ತದ ಗದ್ದೆಗಳನ್ನು ಮೆಚ್ಚಿದವರು ಅವರ ಹಿರಿಯರು ಏನನ್ನು ಬಿಟ್ಟು ಬಂದರೆಂದು ಕೇಳುವುದು ಕಡಿಮೆ. ನಮ್ಮ ಹಳ್ಳಿಗಳಲ್ಲಿ ಗಡಿಯ ಸೇವೆ ಮುಗಿಸಿ ಬಂದ ನಿವೃತ್ತ ಸೈನಿಕರೂ ಇದ್ದಾರೆ. ಅವರಲ್ಲಿ ಕೆಲವರು ದೀಪಾವಳಿಯ ಪಟಾಕಿಯ ಸದ್ದಿಗೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಓಣಿಯ ಹುಡುಗರು ನಗುತ್ತಾರೆ.

ದವಾಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಸಮುದಾಯದ ದಾದಿಯರು, ಧರ್ಮಭಗಿನಿಯರು ಈ ಅಂಕಣವನ್ನು ಓದುತ್ತಾರೆಂದು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ. ಟಿಬೆಟನ್ ಅಜ್ಜಿಯೊಬ್ಬಳು ಮೊಮ್ಮಗನೊಡನೆ ಬಂದರೆ, ಕಾಲನಿಯ ದವಾಖಾನೆಗೋ ಭಿಕ್ಷುಣಿಯರ ಮಠಕ್ಕೋ ಮುಂಚಿತವಾಗಿ ಹೇಳಿ ಕಳಿಸಿ, ಆಕೆಯ ಭಾಷೆ ಬಲ್ಲ ಹೆಂಗಸೊಬ್ಬಳನ್ನು ಜೊತೆಗೆ ಕರೆಸಿಕೊಳ್ಳುವ ಏರ್ಪಾಡನ್ನು ನಿಮ್ಮ ವೈದ್ಯಾಧಿಕಾರಿಗಳಿಗೆ ಸೂಚಿಸಿರಿ. ಮೊಮ್ಮಗನಿಗೆ ಹೊರಗೆ ಚಹಾ ಕುಡಿದು ಬರಲು ಹೇಳಿರಿ. ಅಜ್ಜಿ ಏನನ್ನೂ ಹೇಳದಿದ್ದರೆ ಒತ್ತಾಯ ಬೇಡ. ಮುಂದಿನ ಸಲ ಬಂದಾಗಲೂ ಅದೇ ಹೆಂಗಸು ಪಕ್ಕದಲ್ಲಿರುವಂತೆ ನೋಡಿಕೊಂಡರೆ ಸಾಕು.